ವೇಲ್ಸ್ ಕೋಟೆಗಳು: ನಾಲ್ಕು ದಿನದಲ್ಲಿ ಯಾವುದು ನೋಡೋದು, ಯಾವುದು ಬಿಡೋದು?

ಪ್ರಶ್ನೆ

ಜೂನ್‌ನಲ್ಲಿ ಉತ್ತರ ವೇಲ್ಸ್‌ಗೆ ಹೊರಟಿದ್ದೇವೆ. ನಾನು, ಹೆಂಡತಿ, ಮಗ, ಜೊತೆಗೆ ಅಮ್ಮ. ಲಾಂಡುಡ್ನೊದಲ್ಲಿ ರೂಮ್ ಬುಕ್ ಆಗಿದೆ, ಕಾರು ಇದೆ. ಯಾರನ್ನು ಕೇಳಿದರೂ ಅದೇ ನಾಲ್ಕು ಹೆಸರು ಹೇಳುತ್ತಾರೆ: ಕಾನ್ವಿ, ಕೈರ್ನಾರ್ವನ್, ಬೊಮಾರಿಸ್, ಹಾರ್ಲೆಖ್. ನಾಲ್ಕೂ ಯುನೆಸ್ಕೊ ಪಟ್ಟಿಯಲ್ಲಿವೆ, ಸರಿ. ಆದ್ರೆ ನಾಲ್ಕನ್ನೂ ಕಟ್ಟಿಸಿದ್ದು ಇಂಗ್ಲೆಂಡಿನ ಒಬ್ಬನೇ ರಾಜ, ಒಂದನೇ ಎಡ್ವರ್ಡ್. ಎರಡನೇ ದಿನಕ್ಕೇ ಎಲ್ಲ ಒಂದೇ ಥರ ಅನ್ನಿಸಿಬಿಟ್ಟರೆ? ಇನ್ನೊಂದು ವಿಷಯ, ಅಮ್ಮನಿಗೆ ಮಂಡಿ ನೋವು. ಸುರುಳಿ ಮೆಟ್ಟಿಲು ಹತ್ತೋಕೆ ಆಗಲ್ಲ. ಹೋಗಿ ಬಂದವರು ಹೇಳಿ.

ಉತ್ತರ 1

ನಾಲ್ಕನ್ನೂ ನೋಡಲೇಬೇಕು ಅನ್ನೋ ಹಟ ಬಿಡಿ. ಆ ನಾಲ್ಕೂ ಗೆದ್ದವನ ಕೋಟೆಗಳು, ಅಂದ್ರೆ 13ನೇ ಶತಮಾನದಲ್ಲಿ ವೇಲ್ಸ್ ದೊರೆಗಳನ್ನು ಯುದ್ಧದಲ್ಲಿ ಸೋಲಿಸಿದ ಎಡ್ವರ್ಡ್‌ನವು. ಸೋತವರ ಕೋಟೆಗಳೂ ಅಲ್ಲೇ ಬೆಟ್ಟಗಳ ನಡುವೆ ಇವೆ, ಅಲ್ಲಿಗೆ ಹೋಗುವವರು ತೀರಾ ಕಡಿಮೆ. ಎರಡನ್ನೂ ಒಂದೇ ದಿನ ನೋಡಿದರೆ ಮಾತ್ರ ಆ ಯುದ್ಧ ಏನಾಗಿತ್ತು ಅಂತ ಕಣ್ಣಿಗೆ ಕಟ್ಟುತ್ತದೆ. ನಿಮಗೆ ಲಾಂಡುಡ್ನೊ ಬಹಳ ಅನುಕೂಲ, ಯಾಕಂದ್ರೆ ಕಾನ್ವಿ ಕಣಿವೆ ಪಕ್ಕದಲ್ಲೇ ಇದೆ.

ಬೆಳಗ್ಗೆ ಕಾನ್ವಿಯಿಂದ ಶುರು ಮಾಡಿ. ಇಷ್ಟು ದೊಡ್ಡ ಕೋಟೆ, ಜೊತೆಗೆ ಊರ ಸುತ್ತ ಸುಮಾರು 1.3 ಕಿಲೋಮೀಟರ್ ಗೋಡೆ, ಎಲ್ಲ ಎದ್ದಿದ್ದು 1283ರಿಂದ 1287ರ ಒಳಗೆ. ಆದ್ರೆ ಅದಕ್ಕೂ ಮೊದಲು ಆ ಊರಲ್ಲಿ ಒಂದು ಮಠ ಇತ್ತು, ವೇಲ್ಸ್‌ನ ದೊಡ್ಡ ದೊರೆ ಲೆವೆಲಿನ್ ಅಪ್ ಯೊರ್ವರ್ತ್‌ನನ್ನು ಅಲ್ಲೇ ಸಮಾಧಿ ಮಾಡಿದ್ದರು. ಎಡ್ವರ್ಡ್ ಆ ಮಠವನ್ನೇ ಎಬ್ಬಿಸಿ ಕಣಿವೆಯ ಮೇಲ್ಭಾಗಕ್ಕೆ ಕಳಿಸಿದ, ಆ ಜಾಗದಲ್ಲಿ ತನ್ನ ಊರು ಕಟ್ಟಿದ. ಇದು ಗೊತ್ತಿದ್ದು ಆ ಗೋಡೆ ಮೇಲೆ ನಡೆದರೆ ಅನುಭವವೇ ಬೇರೆ.

ಆಮೇಲೆ ಕಣಿವೆಯಲ್ಲಿ ಮೇಲಕ್ಕೆ, ಲಾನ್‌ರೂಸ್ಟ್‌ಗೆ ಹೋಗಿ. ಅಲ್ಲಿನ ಚರ್ಚ್‌ಗೆ ಸೇರಿದ ಗ್ವಿದಿರ್ ಚಾಪೆಲ್‌ನಲ್ಲಿ ಒಂದು ಕಲ್ಲಿನ ಶವಪೆಟ್ಟಿಗೆ ಇದೆ. ಅದು ಲೆವೆಲಿನ್‌ನದ್ದು ಅಂತಲೇ ಹೇಳುತ್ತಾರೆ. ಒಳಗೆ ಏನೂ ಇಲ್ಲ, ಖಾಲಿ. ಸುಮ್ನೆ ಐದು ನಿಮಿಷ ಅದರ ಹತ್ತಿರ ನಿಂತು ನೋಡಿ, ಅವಸರ ಮಾಡಬೇಡಿ.

ಕೊನೆಗೆ ದೊಲ್ವಿದೆಲನ್. ಇದು ಆ ಲೆವೆಲಿನ್ ಕಟ್ಟಿಸಿದ ಕೋಟೆ. ಬೆಟ್ಟದ ಮೈಮೇಲೆ ಒಂದೇ ಒಂದು ಚೌಕಾಕಾರದ ಗೋಪುರ, ಸುತ್ತ ಕುರಿ. ಒಳಗೆ ಹೋದಾಗ ಗೋಡೆ ಮೇಲೆ ಹಳೆಯ ಇಳಿಜಾರು ಮಾಡಿನ ಗುರುತು ಹುಡುಕಿ. ಮೊದಲು ಗೋಪುರ ಎಷ್ಟು ಗಿಡ್ಡ ಇತ್ತು ಅಂತ ಅದರಲ್ಲಿ ಗೊತ್ತಾಗುತ್ತದೆ, ಎತ್ತರಿಸಿದ್ದು 15ನೇ ಶತಮಾನದಲ್ಲಿ. ತುದಿಯಲ್ಲಿ ಕಾಣುವ ಹಲ್ಲು ಹಲ್ಲಾದ ಗೋಡೆ ಇನ್ನೂ ಈಚಿನದು, 19ನೇ ಶತಮಾನದ ದುರಸ್ತಿ. 1283ರ ಜನವರಿಯಲ್ಲಿ ಇದು ಎಡ್ವರ್ಡ್ ಕೈಗೆ ಬಿತ್ತು, ಅದಾಗಿ ಸ್ವಲ್ಪ ದಿನಕ್ಕೇ ಕಾನ್ವಿ ಕೆಲಸ ಶುರು. ಲಾಂಡುಡ್ನೊದಿಂದ ಲಾನ್‌ರೂಸ್ಟ್, ದೊಲ್ವಿದೆಲನ್ ಎರಡಕ್ಕೂ ಒಂದೇ ರೈಲು ಮಾರ್ಗ ಇದೆ, ಕಾರು ಬೇಡ ಅನ್ನಿಸಿದ ದಿನ ಅದರಲ್ಲೇ ಹೋಗಬಹುದು.

ಉತ್ತರ 2

ಅಮ್ಮನ ಬಗ್ಗೆ ಬರೀತೀನಿ, ಮೇಲಿನವರು ಅದನ್ನು ಬಿಟ್ಟುಬಿಟ್ಟಿದ್ದಾರೆ. ದೊಲ್ವಿದೆಲನ್‌ಗೆ ಗದ್ದೆ ದಾಟಿ ಏರು ಹತ್ತಬೇಕು, ಅವರಿಗೆ ಕಷ್ಟ. ರಸ್ತೆಯಿಂದಲೇ ಗೋಪುರ ಚೆನ್ನಾಗಿ ಕಾಣುತ್ತದೆ, ಅಷ್ಟು ಸಾಕು.

ಅವರಿಗೆ ಎಲ್ಲಕ್ಕಿಂತ ಹಿತವಾದದ್ದು ಬೊಮಾರಿಸ್. ಸಮತಟ್ಟು ನೆಲ, ಒಳಗೆ ಹುಲ್ಲು, ಸುತ್ತ ಇವತ್ತಿಗೂ ನೀರು ತುಂಬಿದ ಕಂದಕ. 1295ರಲ್ಲಿ ಶುರು ಮಾಡಿದರು, ಸ್ಕಾಟ್ಲೆಂಡ್ ಯುದ್ಧಕ್ಕೆ ದುಡ್ಡು ಹರಿದುಹೋಗಿ ಇದು ಮುಗಿಯಲೇ ಇಲ್ಲ. ಗೋಪುರಗಳು ಅಂದುಕೊಂಡಷ್ಟು ಎತ್ತರ ಬೆಳೆಯಲಿಲ್ಲ. ಹಾಗಾಗಿ ಮೇಲೆ ಹತ್ತದೇ ಇದ್ದರೂ ಏನೋ ತಪ್ಪಿಹೋಯ್ತು ಅನ್ನಿಸಲ್ಲ, ಈ ಕೋಟೆಯ ಚಂದವೆಲ್ಲ ಅದರ ನಕ್ಷೆಯಲ್ಲಿದೆ. ಒಂದು ಗೋಡೆಯೊಳಗೆ ಇನ್ನೊಂದು ಗೋಡೆ, ಯಾವ ಕಡೆಯಿಂದ ನೋಡಿದರೂ ಅಳತೆ ತಪ್ಪಿಲ್ಲ.

ಕೈರ್ನಾರ್ವನ್‌ನಲ್ಲಿ ಈಗ ಮುಖ್ಯ ಬಾಗಿಲ ಹತ್ತಿರ ಲಿಫ್ಟ್ ಇದೆ, ಮೇಲಿನ ತಾರಸಿವರೆಗೂ ಹೋಗಬಹುದು. ಹಾರ್ಲೆಖ್‌ಗೂ ಬಾಗಿಲವರೆಗೆ ಸೇತುವೆ ಕಟ್ಟಿದ್ದಾರೆ. ಕಾನ್ವಿಯಲ್ಲಿ ಮಾತ್ರ ಮೆಟ್ಟಿಲು ಜಾಸ್ತಿ. ನೀವು ಮಗನ ಜೊತೆ ಗೋಪುರ ಹತ್ತುವಾಗ ಅಮ್ಮ, ಹೆಂಡತಿ ಕೆಳಗೆ ದಡದಲ್ಲಿ ದೋಣಿ ನೋಡುತ್ತಾ ಕೂರಬಹುದು, ಅದೂ ಒಳ್ಳೆಯ ಜಾಗವೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೊಮಾರಿಸ್ ಮತ್ತು ಆ ಕಣಿವೆ ಎರಡೂ ಖಚಿತ. ಹಾಗಾದ್ರೆ ಹಾರ್ಲೆಖ್ ಬಿಡಬಹುದಾ? ಒಂದು ಇಡೀ ದಿನ ಹೋಗುತ್ತದೆ ಅಲ್ವಾ?

ಉತ್ತರ 3

ದಯವಿಟ್ಟು ಬಿಡಬೇಡಿ! ನನ್ನನ್ನು ಕೇಳಿದರೆ ಬೇಕಾದ್ರೆ ಕೈರ್ನಾರ್ವನ್ ಬಿಡಿ. 1404ರಲ್ಲಿ ಒವೈನ್ ಗ್ಲಿಂಡೂರ್ ದಂಗೆಯೆದ್ದು ಹಾರ್ಲೆಖ್ ಗೆದ್ದ, 1409ರವರೆಗೂ ಅದು ಅವನ ಮನೆ, ಅವನ ಕುಟುಂಬದ ಮನೆ. ಅಂದರೆ ವೇಲ್ಸ್ ಜನರನ್ನು ಹದ್ದುಬಸ್ತಿನಲ್ಲಿಡಲು ಕಟ್ಟಿದ ಕೋಟೆಯಲ್ಲಿ ವೇಲ್ಸ್‌ನವನೇ ಕೂತು ಆಳಿದ. ಬಂಡೆಯ ಕೆಳಗೆ ಇಳಿಯುವ ಮೆಟ್ಟಿಲ ಸಾಲು ಮಗನಿಗೆ ತೋರಿಸಿ. ಮುತ್ತಿಗೆಯ ಕಾಲದಲ್ಲಿ ಹಡಗಿನಿಂದ ಸಾಮಾನು ಆ ದಾರಿಯಲ್ಲೇ ಮೇಲೆ ಬರುತ್ತಿತ್ತು, ಈಗ ಸಮುದ್ರ ಎಷ್ಟೋ ದೂರ ಸರಿದುಹೋಗಿದೆ.

ಹೇಗೂ ಅಷ್ಟು ದೂರ ಹೋಗ್ತೀರಿ, ಇನ್ನೂ ಸುಮಾರು ಒಂದು ಗಂಟೆ ದಕ್ಷಿಣಕ್ಕೆ ಓಡಿಸಿದರೆ ಕಾಸ್ಟೆಲ್ ಅ ಬೆರೆ ಸಿಗುತ್ತದೆ. ಇದೂ ಲೆವೆಲಿನ್‌ನದ್ದೇ, 1221ರಲ್ಲಿ ಶುರು ಮಾಡಿದ್ದು. 1283ರ ಏಪ್ರಿಲ್‌ವರೆಗೂ ಇದು ಎಡ್ವರ್ಡ್‌ಗೆ ಬಗ್ಗಲಿಲ್ಲ. ಟಿಕೆಟ್ ಇಲ್ಲ, ಗೇಟಲ್ಲಿ ಯಾರೂ ಇರಲ್ಲ, ಬಂಡೆಯ ಆಕಾರಕ್ಕೆ ತಕ್ಕ ಹಾಗೆ ಉದ್ದಕ್ಕೆ ಹಬ್ಬಿರುವ ಮುರಿದ ಗೋಡೆಗಳು ಅಷ್ಟೇ. ಹತ್ತಿರದ ಕ್ರೈಗ್ ಅರ್ ಅಡೆರಿನ್ ಬಂಡೆಯಲ್ಲಿ ನೀರುಕಾಗೆಗಳು ಗೂಡು ಕಟ್ಟುತ್ತವೆ, ಸಮುದ್ರ ಅಷ್ಟು ದೂರ ಇದ್ದರೂ!

ಕೊನೆ ರಸ್ತೆಗಳು ಒಂದೇ ಕಾರು ಹಿಡಿಯುವಷ್ಟು ಕಿರಿದು, ಎದುರು ಗಾಡಿ ಬಂದರೆ ಹಿಂದೆ ಸರಿಯಬೇಕಾಗುತ್ತದೆ. ಊರೊಳಗಿನ ಹೆಚ್ಚಿನ ರಸ್ತೆಗಳಲ್ಲಿ 2023ರಿಂದ ಗಂಟೆಗೆ 20 ಮೈಲಿ ಮಿತಿ ಇದೆ, ನ್ಯಾವಿಗೇಶನ್ ತೋರಿಸುವ ಸಮಯಕ್ಕೆ ಸ್ವಲ್ಪ ಸೇರಿಸಿಕೊಳ್ಳಿ. ಹೊಲದ ಗೇಟು ತೆಗೆದರೆ ಮರೆಯದೆ ಮುಚ್ಚಿ, ಕುರಿಗಳಿರುತ್ತವೆ.

ಉತ್ತರ 2

ಟಿಕೆಟ್ ಬಗ್ಗೆ ಒಂದು ಮಾತು. ಯುನೆಸ್ಕೊದ ನಾಲ್ಕು, ದೊಲ್ವಿದೆಲನ್, ಎಲ್ಲವನ್ನೂ ನೋಡಿಕೊಳ್ಳೋದು ಕ್ಯಾಡು ಅನ್ನೋ ಒಂದೇ ಸರ್ಕಾರಿ ಸಂಸ್ಥೆ. ಮೂರ್ನಾಲ್ಕು ಕಡೆ ಹೋಗೋದಾದ್ರೆ ಬಿಡಿ ಟಿಕೆಟ್‌ಗಿಂತ ಅವರ ಕುಟುಂಬ ಸದಸ್ಯತ್ವದ ಲೆಕ್ಕ ಮೊದಲು ಹಾಕಿ ನೋಡಿ.