‘ಹುದ್ದೆ ತ್ಯಜಿಸಿದ್ದೀರಿ’ ಎಂಬ ಪತ್ರ ಬಂದಿದೆ, ಕೆಲಸ ಹೋಯಿತೇ?

ಪ್ರಶ್ನೆ: ನಮ್ಮಕ್ಕ ರಾಜ್ಯ ಸರ್ಕಾರದ ಇಲಾಖೆಯೊಂದರಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ), ಕಾಯಂ ನೌಕರಿ. ಬೆನ್ನುಮೂಳೆ ಆಪರೇಷನ್ ಆಗಿ, ಮಂಜೂರಾದ ರಜೆ ಮುಗಿದ ಮೇಲೂ ನಾಲ್ಕು ತಿಂಗಳು ಹೋಗಲಾಗಿಲ್ಲ. ರಜೆ ವಿಸ್ತರಣೆಯ ಅರ್ಜಿಗೆ ಉತ್ತರ ಬಂದಿಲ್ಲ. ಈಗ ‘ನಿಯಮಾನುಸಾರ ಹುದ್ದೆ ತ್ಯಜಿಸಿರುವುದಾಗಿ ಪರಿಗಣಿಸಲಾಗಿದೆ’ ಎಂದು ಪತ್ರ ಬಂದಿದೆ. ಬಲ್ಲವರು ದಾರಿ ತೋರಿಸಿ.

ಉತ್ತರ 1: ಹಾಗೆ ತಾನಾಗಿ ಹೋಗುವುದಿಲ್ಲ. ಜೋಧಪುರ ಸೆಂಟ್ರಲ್ ಜೈಲಿನ ಹೆಡ್ ವಾರ್ಡರ್ ಜೈಶಂಕರ್ ಪ್ರಕರಣ (ಎಐಆರ್ 1966 ಎಸ್‌ಸಿ 492) ಹೆಚ್ಚುಕಡಿಮೆ ಇದೇ. ರಜೆ ಮುಗಿದು ಒಂದು ತಿಂಗಳು ಬಾರದವನು ಹುದ್ದೆ ಬಿಟ್ಟಂತೆ ಎಂಬ ನಿಯಮ ಅಲ್ಲಿತ್ತು. ಹೆಸರು ಏನೇ ಇಟ್ಟರೂ ಅದು ಸೇವೆಯಿಂದ ತೆಗೆದುಹಾಕುವುದೇ, ಸರ್ಕಾರಿ ನೌಕರರಿಗೆ ರಕ್ಷಣೆ ಕೊಡುವ ಸಂವಿಧಾನದ 311ನೇ ವಿಧಿಯಂತೆ ತಮ್ಮ ಮಾತು ಹೇಳಲು ಅವಕಾಶ ಕೊಡದೆ ಮಾಡುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. 1971ರ ದೇವಕಿನಂದನ ಪ್ರಸಾದ್ ಪ್ರಕರಣದಲ್ಲಿ ಬಿಹಾರದ ಐದು ವರ್ಷದ ಗೈರುಹಾಜರಿ ನಿಯಮಕ್ಕೂ ಇದೇ ಗತಿಯಾಯಿತು. ಪತ್ರಕ್ಕೆ ಸಹಿ ಹಾಕಿದವರು ಯಾರೆಂದೂ ನೋಡಿ. ನೇಮಕ ಮಾಡಿದ ಪ್ರಾಧಿಕಾರಕ್ಕಿಂತ ಕೆಳಗಿನವರು ವಜಾ ಮಾಡುವಂತಿಲ್ಲ.

ಉತ್ತರ 2: ತೀರ್ಪು ಆಮೇಲೆ ನೋಡೋಣ, ಮೊದಲು ಕಚೇರಿಗೆ ಕಾಲಿಡಬೇಕು. ಫಿಟ್‌ನೆಸ್ ಸರ್ಟಿಫಿಕೇಟ್ ಜೊತೆಗೆ ಹಾಜರಾತಿ ಪತ್ರ ಎರಡು ಪ್ರತಿ ಒಯ್ಯಿರಿ. ‘ಈ ದಿನ ಬೆಳಿಗ್ಗೆ ಕರ್ತವ್ಯಕ್ಕೆ ಹಾಜರಾಗಿದ್ದೇನೆ, ಹುದ್ದೆ ತ್ಯಜಿಸುವ ಉದ್ದೇಶ ಎಂದೂ ಇರಲಿಲ್ಲ’ ಎಂಬ ವಾಕ್ಯ ಇರಲೇಬೇಕು. ಟಪಾಲು ಶಾಖೆಯಲ್ಲಿ ಮೊಹರು, ಸಹಿ, ದಿನಾಂಕ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಒಳಗೆ ಸೇರಿಸದಿದ್ದರೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ. ಅದೂ ಸಿಗದಿದ್ದರೆ ಅಂದೇ ಸ್ಪೀಡ್ ಪೋಸ್ಟ್ ಮತ್ತು ಇಮೇಲ್, ಮೇಲಧಿಕಾರಿಗೂ ಒಂದು ಪ್ರತಿ. ‘ಬಂದಿದ್ದೆ, ಬಾಯಲ್ಲೇ ಬೇಡ ಅಂದರು’ ಎಂಬುದನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ.

ವಿಶ್ರಾಂತಿ ಸರ್ಟಿಫಿಕೇಟುಗಳ ದಿನಾಂಕಗಳ ನಡುವೆ ಖಾಲಿ ಬಿಡಬೇಡಿ. ಬಿಟ್ಟಿದ್ದರೆ ಆ ದಿನಗಳ ಕಾರಣ ಬರೆಯಿರಿ. ಹಿಂದಿನ ದಿನಾಂಕ ಹಾಕಿಸಿದ ಸರ್ಟಿಫಿಕೇಟ್ ಮಾತ್ರ ತರಬೇಡಿ! ವೈದ್ಯಕೀಯ ಮಂಡಳಿ ಆಸ್ಪತ್ರೆಯ ದಾಖಲೆ ತರಿಸಿಕೊಂಡರೆ ಅದೇ ಬೇರೊಂದು ಆರೋಪ, ಗೈರುಹಾಜರಿಗಿಂತ ಭಾರವಾದದ್ದು.

ಉತ್ತರ 3: ಉತ್ತರ 1 ಓದಿ ಗೆದ್ದೆವು ಅಂದುಕೊಳ್ಳಬೇಡಿ. ನಿಯಮ ಬಿದ್ದರೂ ಗೈರುಹಾಜರಿಯ ಆರೋಪ ಉಳಿಯುತ್ತದೆ. ರಾಜ್ಯ ನೌಕರರ ಶಿಸ್ತುಕ್ರಮಕ್ಕೆ ಅನ್ವಯಿಸುವ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಾವಳಿಯ 11ನೇ ನಿಯಮದಡಿ ಆರೋಪ ಪಟ್ಟಿ ಕೊಟ್ಟು ವಿಚಾರಣೆ ನಡೆಸಲು ಇಲಾಖೆಗೆ ಅಡ್ಡಿಯಿಲ್ಲ. ಅಲ್ಲಿ ನೆರವಿಗೆ ಬರುವುದು 2012ರ ಕೃಷ್ಣಕಾಂತ್ ಪರ್ಮಾರ್ ತೀರ್ಪು. ಗೈರು ಉದ್ದೇಶಪೂರ್ವಕ ಎಂದು ರುಜುವಾತಾಗದೆ ದುರ್ನಡತೆಯಾಗದು. ಕಾಯಿಲೆ, ಅಪಘಾತ, ಆಸ್ಪತ್ರೆವಾಸದಿಂದಾದ ಗೈರು ಉದ್ದೇಶಪೂರ್ವಕವಲ್ಲ. ಆದರೆ 2014ರ ಚೆನ್ನೈ ನೀರು ಸರಬರಾಜು ಮಂಡಳಿ ಪ್ರಕರಣದಲ್ಲಿ ದೀರ್ಘಕಾಲ ಸುಮ್ಮನಿದ್ದ ನೌಕರನಿಗೆ ಆ ರಕ್ಷಣೆ ಸಿಗಲಿಲ್ಲ. ಹಾಗಾಗಿ ಕಚೇರಿಯ ಒಂದು ಪತ್ರಕ್ಕೂ ಉತ್ತರಿಸದೆ ಬಿಡಬೇಡಿ. ನೋಟಿಸ್ ತಪ್ಪಿಸಿಕೊಂಡು ಓಡಾಡುವುದಂತೂ ಶುದ್ಧ ದಡ್ಡತನ. ವಿಚಾರಣಾ ವರದಿಯ ಪ್ರತಿ ಕೊಡದೆ ದಂಡನೆ ವಿಧಿಸಿದರೆ 1993ರ ಕರುಣಾಕರ್ ತೀರ್ಪಿನಂತೆ ಅದನ್ನು ಪ್ರಶ್ನಿಸಬಹುದು, ಪ್ರತಿ ಸಿಗದೆ ಏನು ನಷ್ಟವಾಯಿತೆಂದೂ ತೋರಿಸಬೇಕು.

ಉತ್ತರ 4: ಓದುತ್ತಿರುವ ನಿಗಮ, ಬ್ಯಾಂಕ್ ನೌಕರರೇ, 311ನೇ ವಿಧಿ ನಿಮಗಿಲ್ಲ. ಆದರೆ ಸಹಜ ನ್ಯಾಯ, ಅಂದರೆ ನಿಮ್ಮ ಮಾತು ಕೇಳದೆ ತೆಗೆಯಬಾರದೆಂಬ ತತ್ವ, ಇದೆ (ಡಿ.ಕೆ. ಯಾದವ್ ಪ್ರಕರಣ, 1993). ಆದರೂ ಬ್ಯಾಂಕ್ ಆಡಳಿತ ಮತ್ತು ನೌಕರರ ಸಂಘಗಳ ನಡುವಿನ ದ್ವಿಪಕ್ಷೀಯ ಒಪ್ಪಂದದಂತೆ ನೋಟಿಸ್ ಕೊಟ್ಟು, ಗಡುವು ಮುಗಿದ ಮೇಲೆ ಹೆಸರು ತೆಗೆದದ್ದನ್ನು ಕೋರ್ಟ್ ಎತ್ತಿಹಿಡಿದದ್ದುಂಟು.

ಉತ್ತರ 5: ಗಡುವಿನ ಲೆಕ್ಕ. ಮೊದಲು ಇಲಾಖಾ ಮೇಲ್ಮನವಿ. ಆರು ತಿಂಗಳಲ್ಲಿ ತೀರ್ಮಾನ ಬಾರದಿದ್ದರೆ ಅಲ್ಲಿಂದ ಒಂದು ವರ್ಷದೊಳಗೆ ಕೆಎಸ್‌ಎಟಿಗೆ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ) ಅರ್ಜಿ. ಅಂತಿಮ ಆದೇಶ ಬಂದರೆ ಆ ದಿನದಿಂದ ಒಂದು ವರ್ಷ. ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ಮನವಿ ಮೇಲೆ ಮನವಿ ಕೊಟ್ಟರೆ ಗಡುವು ಮುಂದಕ್ಕೆ ಹೋಗುವುದಿಲ್ಲ. ಪತ್ರ ಬಂದ ಲಕೋಟೆಯನ್ನೂ ಬಿಸಾಡಬೇಡಿ, ತಲುಪಿದ ದಿನಕ್ಕೆ ಅಂಚೆ ಮುದ್ರೆಯೇ ಸಾಕ್ಷಿ.