ಬೆಟ್ಟ ಇದ್ದಲ್ಲೆಲ್ಲ ಅದಿರು ಯಾಕಿಲ್ಲ?

ಪ್ರಶ್ನೆ (ಫೋಂಡಾದಿಂದ ಒಬ್ಬ ಸದಸ್ಯರು): ಸರ್ ನಮಸ್ಕಾರ. ನಾನು ಪುಣೆ–ಗೋವಾ ಲಾರಿ ಓಡಿಸುತ್ತೇನೆ. ಎರಡೂ ಕಡೆ ಇರೋದು ಸಹ್ಯಾದ್ರಿಯೇ. ಆದರೆ ನಮ್ಮ ಡಿಚೋಲಿಯಲ್ಲಿ ಕಬ್ಬಿಣದ ಅದಿರು, ಪುಣೆ ಕಡೆ ಬರೀ ಕ್ರಷರ್, ಜಲ್ಲಿ. ಚಿಲಿ ದೇಶದ ಬೆಟ್ಟಗಳಲ್ಲಿ ರಾಶಿ ತಾಮ್ರ ಇದೆಯಂತೆ. ಹಾಗಾದ್ರೆ ಹಿಮಾಲಯದಲ್ಲಿ ಇನ್ನೂ ಜಾಸ್ತಿ ಇರಬೇಕಲ್ವಾ?

ಉತ್ತರ (ಗುಂಪಿನ ಭೂವಿಜ್ಞಾನಿ): ನಮಸ್ಕಾರ. ಬೆಟ್ಟ ಎಷ್ಟು ಎತ್ತರ ಅನ್ನೋದು ಲೆಕ್ಕಕ್ಕಿಲ್ಲ. ಹೇಗೆ ಹುಟ್ಟಿತು, ಆಮೇಲೆ ಎಷ್ಟು ಸವೆಯಿತು, ಅದನ್ನು ನೋಡಬೇಕು.

ಚಿಲಿಯಲ್ಲಿ ಆಂಡೀಸ್ ಬೆಟ್ಟಸಾಲಿನ ಕೆಳಗೆ ಸಮುದ್ರತಳದ ನಾಜ್ಕಾ ಫಲಕ (ಭೂಮಿಯ ಹೊರಪದರದ ಒಂದು ದೊಡ್ಡ ತುಂಡು) ನುಗ್ಗುತ್ತಿದೆ. ಅದು ಆಳಕ್ಕೆ ಹೋದಂತೆ ಒಳಗಿನ ನೀರು ಹೊರಬರುತ್ತದೆ. ನೀರು ಸೇರಿದರೆ ಮೇಲಿನ ಬಿಸಿ ಬಂಡೆ ಬೇಗ ಕರಗುತ್ತದೆ. ಆ ಶಿಲಾರಸ ಮೇಲೇರಿ, ನೆಲದಿಂದ ಕೆಲವೇ ಕಿಲೋಮೀಟರ್ ಕೆಳಗೆ ನಿಂತು ಆರುತ್ತದೆ. ಆಗ ಬಿಡುವ ಬಿಸಿನೀರು ತಾಮ್ರವನ್ನೂ ಗಂಧಕವನ್ನೂ ಹೊತ್ತು ಬಿರುಕುಗಳಿಗೆ ತುಂಬುತ್ತದೆ. ಎಸ್ಕೊಂಡಿಡಾ, ಚುಕಿಕಮಾಟಾ ಗಣಿಗಳು ಹೀಗೇ ಆದವು. ಮಜಾ ಏನಂದ್ರೆ, ಅಲ್ಲಿನ ಎಷ್ಟೋ ಅದಿರಲ್ಲಿ ತಾಮ್ರ ನೂರಕ್ಕೆ ಒಂದು ಪಾಲೂ ಇರಲ್ಲ. ರಾಶಿ ದೊಡ್ಡದು, ಅದಕ್ಕೇ ಗಿಟ್ಟುತ್ತದೆ. ಅಲ್ಲಿನ ಅಟಕಾಮಾ ಮರುಭೂಮಿಯಲ್ಲಿ ಮಳೆ ತೀರಾ ಕಡಿಮೆಯಾದ ಕಾರಣ ಸವೆತವೂ ಕಡಿಮೆ, ಅದಿರು ಉಳಿದುಕೊಂಡಿದೆ.

ಹಿಮಾಲಯದ ಕಥೆ ಬೇರೆ. ಭಾರತದ ಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆದು ಎದ್ದ ಬೆಟ್ಟ ಅದು. ಆ ಡಿಕ್ಕಿಗೆ ಮೊದಲು ಸಮುದ್ರತಳ ನುಗ್ಗಿದ್ದು ಟಿಬೆಟ್ ಕೆಳಗೆ. ಹಾಗಾಗಿ ತಾಮ್ರದ ದೊಡ್ಡ ನಿಕ್ಷೇಪಗಳು ಲ್ಹಾಸಾ ಕಡೆ ಸಿಗುತ್ತವೆ. ಹಿಮಾಲಯ ಮಾತ್ರ ನಮ್ಮ ಫಲಕದ ಬಂಡೆಗಳೇ ಒಂದರ ಮೇಲೊಂದು ಪೇರಿದ್ದು. ಅಲ್ಲಿ ಏನೂ ಇಲ್ಲ ಅಂತಲ್ಲ, ಸಿಕ್ಕಿಂನ ರಂಗ್ಪೋದಲ್ಲಿ ತಾಮ್ರ, ಸೀಸ, ಸತುವಿನ ಗಣಿ ಇತ್ತು.

ಇನ್ನು ಸಹ್ಯಾದ್ರಿ. ಇದು ಡಿಕ್ಕಿಯಿಂದ ಎದ್ದ ಬೆಟ್ಟವೇ ಅಲ್ಲ, ಖಂಡ ಒಡೆದಾಗ ಉಳಿದ ಅಂಚು. ಪುಣೆ ಕಡೆ ಅದರ ಮೇಲೆ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಹಾಸಿದೆ. ಆ ಕಪ್ಪುಕಲ್ಲಲ್ಲೂ ಕಬ್ಬಿಣ ಇದೆ, ಆದರೆ ಎಲ್ಲ ಕಡೆ ಹರಡಿಹೋಗಿದೆ. ಒಂದು ಕಡೆ ಕೂಡಿಕೊಂಡಿಲ್ಲ.

ಗೋವಾದ ಬಂಡೆ ಧಾರವಾಡ ಶಿಲಾಸಮೂಹ ಅನ್ನೋ ಹಳೇ ಬಂಡೆಗಳ ಗುಂಪಿನದ್ದು, ಬಳ್ಳಾರಿ ಕಡೆಯ ಸಂಡೂರಿನ ಅದಿರಿನ ನೆಂಟ. 250 ಕೋಟಿ ವರ್ಷಕ್ಕಿಂತ ಹಳೆಯದು. ಸಮುದ್ರದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ ಮತ್ತು ಸಿಲಿಕಾ (ಮರಳಿನಲ್ಲಿರುವ ವಸ್ತು) ಆಮೇಲೆ ಮಡಿಚಿಕೊಂಡವು. ಮಳೆನೀರು ಸಿಲಿಕಾ ತೊಳೆದು ಕಬ್ಬಿಣ ಉಳಿಸಿತು. ಮುಂದಿನ ಸಲ ಡಿಚೋಲಿಯಲ್ಲಿ ಪಟ್ಟೆ ಪಟ್ಟೆ ಕಲ್ಲು ಸಿಕ್ಕರೆ ಕೈಲಿ ತೂಗಿ ನೋಡಿ. ಟೈಲ್ಸಿನ ಹಿಂದಿನ ಒರಟು ಮೈಗೆ ಉಜ್ಜಿ. ಕಲ್ಲು ಬೂದು ಕಂಡರೂ ಗೆರೆ ಇಟ್ಟಿಗೆ ಕೆಂಪು ಬಂದರೆ ಅದು ಹೆಮಟೈಟ್, ಅಂದ್ರೆ ಕಬ್ಬಿಣದ ಅದಿರು.

ಪ್ರಶ್ನೆ (ಮಡಗಾಂವದ ಸದಸ್ಯೆ): ಸರ್, ಕೋಲಾರದಲ್ಲಿ ದೊಡ್ಡ ಬೆಟ್ಟಸಾಲೇ ಇಲ್ವಲ್ಲ, ಚಿನ್ನ ಹೇಗೆ ಬಂತು?

ಉತ್ತರ: ಇತ್ತು ಮೇಡಂ, ಸವೆದುಹೋಯಿತು. ಈಗ ನಾವು ಓಡಾಡೋದು ಹಳೇ ಬೆಟ್ಟಸಾಲಿನ ಬುಡದ ಮೇಲೆ. ಬಂಡೆಗಳು ಒತ್ತಿ ಜಾರಿದ ಆಳದ ಬಿರುಕುಗಳಲ್ಲಿ ಬಿಸಿನೀರು ಬೆಣಚುಕಲ್ಲಿನ ಜೊತೆ ಚಿನ್ನ ಬಿಟ್ಟುಹೋಯಿತು. ಆ ಎಳೆ ಹಿಡಿದೇ ಕೆಜಿಎಫ್‌ನವರು 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದದ್ದು. 2001ರಲ್ಲಿ ಗಣಿ ಮುಚ್ಚಿತು.