ಅಪ್‌ಡೇಟ್: ಅಪ್ಪನ ತೊಡೆಗೆ ಕರೆಂಟ್ ಕೊಡಿಸೋಕೆ ಶುರು ಮಾಡಿ ಆರು ವಾರ ಆಯ್ತು

ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ: ಅಪ್ಪನಿಗೆ ಹಾರ್ಟ್ ಫೇಲ್ಯೂರ್ (ಹೃದಯ ರಕ್ತ ಪಂಪ್ ಮಾಡೋ ಶಕ್ತಿ ಕುಗ್ಗಿದೆ), ಎಜೆಕ್ಷನ್ ಫ್ರ್ಯಾಕ್ಷನ್, ಅಂದರೆ ಒಂದು ಬಡಿತಕ್ಕೆ ಹೃದಯ ಹೊರಗೆ ತಳ್ಳೋ ರಕ್ತದ ಪಾಲು, ಶೇಕಡಾ 30. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ವ್ಯಾಯಾಮದ ಬದಲು ತೊಡೆಗೆ ಕರೆಂಟ್ ಕೊಡೋ ಯಂತ್ರ ಹಾಕಬಹುದಾ ಅಂತ.

"ಮೊದಲು ಹಾರ್ಟ್ ಡಾಕ್ಟರನ್ನ ಕೇಳಿ" ಅಂದವರಿಗೆ ದೊಡ್ಡ ನಮಸ್ಕಾರ. ಯಂತ್ರ ಮಾರುವವರು ಯಾರಿಗೆ ಬೇಕಾದರೂ ಹಾಕಿ ಅಂದಿದ್ದರು. ಪೇಸ್‌ಮೇಕರ್ ಇದೆಯಾ ಅಂತ ಕೂಡ ಕೇಳಿರಲಿಲ್ಲ! ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಅದು. ಪೇಸ್‌ಮೇಕರ್ ಅಥವಾ ಐಸಿಡಿ (ಎದೆಬಡಿತ ಅಪಾಯಕಾರಿಯಾಗಿ ತಪ್ಪಿದರೆ ಶಾಕ್ ಕೊಡೋಕೆ ಎದೆಯೊಳಗೆ ಕೂರಿಸೋ ಯಂತ್ರ) ಇದ್ದರೆ ಅವು ಈ ಕರೆಂಟನ್ನೇ ಎದೆಬಡಿತ ಅಂತ ತಪ್ಪು ತಿಳಿಯಬಹುದಂತೆ. ಅಪ್ಪನಿಗೆ ಎರಡೂ ಇಲ್ಲ.

ಹುಬ್ಬಳ್ಳಿಯಲ್ಲೇ ಒಬ್ಬ ಫಿಸಿಯೋ ಹತ್ತಿರ ಶುರು ಮಾಡಿದೆವು. ವಾರಕ್ಕೆ 5 ದಿನ, 30 ನಿಮಿಷ. ಎರಡೂ ತೊಡೆಯ ಮುಂಭಾಗಕ್ಕೆ ಜೆಲ್ ಪ್ಯಾಡ್ ಅಂಟಿಸುತ್ತಾರೆ. ಸ್ನಾಯು ತಾನೇ ಬಿಗಿಯುತ್ತದೆ, ಮೊಣಕಾಲ ಚಿಪ್ಪು ಮೇಲಕ್ಕೆ ಜಗ್ಗುತ್ತದೆ, ಮತ್ತೆ ಸಡಿಲ. ಮೊದಲ ದಿನ ಅಪ್ಪ, "ಏ ತಮ್ಮಾ, ಕಾಲಾಗ ಇರಿವಿ ಹರದಾಡಿದಂಗ ಆಗತೈತಿ" ಅಂದರು. ಈಗ ಅದನ್ನು ಹಾಕ್ಕೊಂಡೇ ಪೇಪರ್ ಓದುತ್ತಾರೆ.

ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ 190 ಮೀಟರ್ ಇದ್ದದ್ದು 240 ಆಗಿದೆ. ಎಕೋ (ಹೃದಯದ ಸ್ಕ್ಯಾನ್) ಮಾತ್ರ ಹಾಗೇ ಇದೆ. ಕಸುವು ಬಂದದ್ದು ಕಾಲಿಗೆ, ಹೃದಯಕ್ಕಲ್ಲ. ಮಾತ್ರೆ, ಉಪ್ಪು ಕಡಿಮೆ, ದಿನಾ ತೂಕ ನೋಡೋದು ಎಲ್ಲ ನಡೆದಿದೆ. ಉಪ್ಪಿನಕಾಯಿ ಕದ್ದು ತಿನ್ನೋದೂ ನಡೆದಿದೆ ಬಿಡಿ.

ಸೈಕಲ್ ತುಳಿಯೋ ಶಕ್ತಿ ಇದ್ದರೆ ಅದೇ ಒಳ್ಳೇದು, ಸುಮ್ನೆ ಕರೆಂಟ್ ಯಾಕೆ ಅಂದರು ಫಿಸಿಯೋ. ಹಾಗಾಗಿ ಸೋಮವಾರದಿಂದ ಸೈಕಲ್, 5 ನಿಮಿಷ. ಉಣಕಲ್ ಕೆರೆ ಸುತ್ತೋದು ಇನ್ನೂ ದೂರದ ಮಾತು. ಸದ್ಯ ಓಣಿ ತುದಿಯ ಚಹಾ ಅಂಗಡಿ ತನಕ ಹೋಗುತ್ತಾರೆ, ನಡುವೆ ಒಮ್ಮೆ ಮಾತ್ರ ನಿಂತು.